ನನ್ನ ತೂಕದ ಮೇಲಿನ ಸಂಶಯ

“ಈಕಿಗೇನೂ ಆಗಿಲ್ಲ ಬಿಡ್ರಿ. ಮೈಗೆ ಗಾದಿ ಸುತ್ತಿಕೊಂಡಂಗ ಅದಾಳ. ಆ ಡ್ರೈವರನ್ನ ನೋಡ್ರಿ ಮೊದಲ.”

ಅಪಘಾತವಾದ ಮೇಲೆ ನನ್ನ ಕಿವಿಗೆ ಬಿದ್ದ ಮೊದಲ ಮಾತು ಇದು. ಯಾರು ಆಡಿದರೋ ಗೊತ್ತಿಲ್ಲ. ಸಿಂಧನೂರಿನಿಂದ ಮಸ್ಕಿಗೆ ಬರುವ ರಸ್ತೆಯ ಬದಿಯಲ್ಲಿ ನಾನು ಅಂಗಾತ ಬಿದ್ದಿದ್ದೆ. ಗದ್ದೆಗಳಿಂದ ಓಡಿಬಂದವರು ಸುತ್ತ ನಿಂತಿದ್ದರು. ನನ್ನನ್ನು ಎತ್ತಲು ಬಗ್ಗಿದವನೊಬ್ಬ ಇನ್ನೂ ಇಬ್ಬರನ್ನು ಕರೆಯಿರಿ ಎಂದ. ಯಾರೋ ನಕ್ಕರು. ಇದು ನಗುವ ಹೊತ್ತಲ್ಲ ಎಂದು ನೆನಪಾಗಿ ತಕ್ಷಣ ಸುಮ್ಮನಾದರು. ಬಲಗಾಲನ್ನು ಎಳೆದುಕೊಳ್ಳಲು ಹೋದೆ. ತೊಡೆಯ ಬುಡದಲ್ಲಿ ಏನೋ ಸಿಗಿದಂತಾಗಿ ಕಿರುಚಿದೆ. “ಅಂಜ್ಯಾಳ” ಎಂದರು ಯಾರೋ.

ಇಷ್ಟು ವರ್ಷಗಳ ಮೇಲೆ ಇದನ್ನು ಬರೆಯಲು ಕಾರಣವಿದೆ. ನನ್ನಂತೆ ಮೈ ದಪ್ಪ ಇರುವವರು ನೋವೆಂದು ಡಾಕ್ಟರ ಮುಂದೆ ಕೂತಾಗ ಅವರ ನೋವನ್ನು ಯಾರೂ ನೋಡುವುದಿಲ್ಲ, ಮೈಯನ್ನು ನೋಡುತ್ತಾರೆ. ‘ತೂಕ ಇಳಿಸಿ’ ಎಂದು ಕೇಳಿಸಿಕೊಂಡು, ತಮ್ಮ ನೋವು ನಿಜವೋ ಸುಳ್ಳೋ ಎಂದು ತಮ್ಮ ಮೇಲೆಯೇ ಸಂಶಯಪಡುತ್ತ ಮನೆಗೆ ಬಂದವರು ಬಹಳ ಮಂದಿ ಇರಬೇಕು. ಅವರಿಗಾಗಿ ಇದು.

ಆಗ ಎಂಬತ್ತರ ದಶಕ ಮುಗಿಯುತ್ತಿತ್ತು. ನಾನು ಲಿಂಗಸುಗೂರಿನಲ್ಲಿ ಟೆಲಿಫೋನ್ ಆಪರೇಟರ್. ಪರವೂರಿಗೆ ಮಾತಾಡಬೇಕೆಂದರೆ ಜನ ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದ ಕಾಲ. ನನ್ನದು ಸಣ್ಣ ದನಿ. ಫೋನಿನಲ್ಲಿ ಆ ದನಿ ಕೇಳಿದವರು ನನ್ನನ್ನು ಎದುರಿಗೆ ಕಂಡಾಗ ಒಂದು ಗಳಿಗೆ ತಡವರಿಸುತ್ತಿದ್ದರು. ಎರಡನೆಯ ಹೆರಿಗೆಯ ನಂತರ ಬಂದ ಮೈ ಇಳಿಯಲೇ ಇಲ್ಲ. ಕಿವಿಯಿಂದಲೇ ದುಡಿಯುವವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಎದುರಿನವರು ಏನು ಹೇಳಿದರು ಎನ್ನುವುದಕ್ಕಿಂತ ಎಲ್ಲಿ ತಡೆದರು, ಎಲ್ಲಿ ದನಿ ತಗ್ಗಿಸಿದರು ಎನ್ನುವುದೇ ಮೊದಲು ಕೇಳಿಸುತ್ತದೆ. ಮುಂದಿನ ತಿಂಗಳುಗಳಲ್ಲಿ ಆ ಚಟ ನನ್ನನ್ನು ಬಹಳ ಕಾಡಿತು.

ಮುಕ್ಕುಂದದಲ್ಲಿ ನಮ್ಮ ನಾದಿನಿಯ ಮಗುವಿನ ತೊಟ್ಟಿಲ ಕಾರ್ಯವಿತ್ತು. ನನ್ನ ಗಂಡ ಅಮರೇಶ ಹೈಸ್ಕೂಲಿನಲ್ಲಿ ಮಾಸ್ತರ. ಪರೀಕ್ಷೆಯ ಕೆಲಸವಿದ್ದುದರಿಂದ ಬರಲಿಲ್ಲ. ನಾನು, ಅತ್ತೆ ಇಬ್ಬರೇ ಹೋಗಿದ್ದೆವು. ತಿರುಗಿ ಬರುವಾಗ ಮಾವನವರ ತಮ್ಮ ಬಸಲಿಂಗಪ್ಪನವರು ನಮ್ಮ ಜೊತೆ ಬಾಡಿಗೆ ಅಂಬಾಸಿಡರಿಗೆ ಹತ್ತಿದರು. ಅವರದು ವಳಕಮದಿನ್ನಿ, ನೀರಾವರಿ ಗದ್ದೆ. ಮಸ್ಕಿಯಲ್ಲಿ ಅವರಿಗೇನೋ ಕೆಲಸವಿತ್ತು. ನಾನು ಅವರನ್ನು ಸಣ್ಣಮಾವ ಎಂದು ಕರೆಯುತ್ತಿದ್ದೆ. ಮೈಯಲ್ಲಿಯೂ ಅವರು ಸಣ್ಣವರೇ. ಅಂಗಿಯೊಳಗೆ ಮನುಷ್ಯ ಇದ್ದಾನೋ ಇಲ್ಲವೋ ಎನ್ನುವ ಹಾಗಿದ್ದರು.

“ಗಿರಿಜವ್ವ, ನೀ ಅತ್ತಿ ಕೂಡ ಹಿಂದ ಆರಾಮ ಕುಂದ್ರು. ನನ್ನ ಎಲ್ಲಿ ತುರುಕಿದ್ರೂ ನಡೀತದ” ಎಂದು ನಕ್ಕು ಮುಂದೆ ಡ್ರೈವರನ ಪಕ್ಕ ಕೂತರು. ನಾನು ಅವರ ಹಿಂದೆಯೇ ಕೂತೆ. ನನ್ನ ಆಚೆ ಅತ್ತೆ.

ಸಿಂಧನೂರು ದಾಟಿದ ಮೇಲೆ ಇಳಿಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಡ್ರೈವರ್ ಖಾಜಾಸಾಬ ಕೈ ಅಡ್ಡ ಹಿಡಿದು ಓಡಿಸುತ್ತಿದ್ದ. ಭತ್ತದ ಚೀಲ ಹೇರಿದ ಟ್ರ್ಯಾಕ್ಟರಿನ ಟ್ರಾಲಿಯೊಂದು ಕೆಟ್ಟು ರಸ್ತೆಯ ಮೇಲೆಯೇ ನಿಂತಿತ್ತು. ಅವನು “ಯಾ ಅಲ್ಲಾ” ಎಂದದ್ದು ಕೇಳಿಸಿತು. ಆಮೇಲಿನದು ನನಗೆ ನೆನಪಿಲ್ಲ.

ನನ್ನನ್ನು ಕಾರಿನಿಂದ ಹೊರಗೆ ತೆಗೆದಾಗ ತಲೆಯ ಬಳಿ ಕೂತು ಬಾಯಿಗೆ ನೀರು ಹನಿಸಿದವರು ಸಣ್ಣಮಾವನೇ. ಎದ್ದು ಓಡಾಡುತ್ತಿದ್ದರು. ಡ್ರೈವರನಿಗೆ ಸ್ಟೇರಿಂಗ್ ಎದೆಗೆ ಬಡಿದಿತ್ತು, ಅತ್ತೆಯ ಮಣಿಕಟ್ಟು ಮುರಿದಿತ್ತು. ಅವರಿಬ್ಬರನ್ನೂ ಸಣ್ಣಮಾವನೇ ನೆರಳಿಗೆ ಕೂರಿಸಿದರು. ಅತ್ತ ಹೋಗುತ್ತಿದ್ದ ಲಾರಿಯೊಂದು ನಿಂತು ನಮ್ಮನ್ನು ಸಿಂಧನೂರಿಗೆ ಕರೆದೊಯ್ದಿತು. ಅಲ್ಲಿನ ಒಂದು ಖಾಸಗಿ ದವಾಖಾನೆಯಲ್ಲಿ ಇಳಿಸಿದರು. ಹೆಸರು ಬೇಡ, ಈಗ ಅದು ಅಲ್ಲಿ ಇಲ್ಲ.

ಡಾಕ್ಟರು ಮೊದಲು ಡ್ರೈವರನನ್ನು, ಆಮೇಲೆ ಅತ್ತೆಯನ್ನು ನೋಡಿದರು. ಆಮೇಲೆ ನನ್ನ ಹತ್ತಿರ ಬಂದರು. ಬಲಗಾಲು ಊರಲಾಗುತ್ತಿಲ್ಲ ಎಂದೆ. ಊದಿಕೊಂಡಿದ್ದ ಮೊಣಕಾಲನ್ನು ಸೀರೆಯ ಮೇಲಿಂದಲೇ ನೋಡಿದರು.

“ಮೂಗೇಟು ಅಷ್ಟ. ನಿಮ್ಮ ಮೈಯಿ ನಿಮ್ಮನ್ನ ಉಳಿಸ್ಯದ ತಾಯಿ. ಅದಽ ನಿಮಗ ಗಾದಿ ಆತು” ಎಂದರು.

“ತೊಡಿ ಬುಡಕ ನೋಯಾಕತ್ತದ್ರಿ.”

“ಇಷ್ಟು ಭಾರ ಹೊತ್ತರ ನೋಯಂಗಿಲ್ಲೇನು? ಮೊದಲ ತೂಕ ಇಳಿಸ್ರಿ.”

ಸಣ್ಣಮಾವ ಬೆಂಚಿನ ಮೇಲೆ ಮುದುಡಿ ಕೂತಿದ್ದರು. “ಹೊಟ್ಟಿ ಹಿಡಕೊಂಡಂಗ ಆಗೇತ್ರಿ” ಎಂದರು. ಡಾಕ್ಟರು ಅವರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. “ನೀವು ಕಡ್ಡಿ ಇದ್ದಂಗ ಇದ್ದೀರಿ. ನಿಮಗ ಏನರ ಆಗಿದ್ರ ಮ್ಯಾಲೇ ಕಾಣ್ತಿತ್ತು. ಅಂಜಿಕಿಗೆ ವಾಯು ಹಿಡದದ” ಎಂದು ಗುಳಿಗೆ ಕೊಟ್ಟರು. ಅವರ ಹೊಟ್ಟೆಯನ್ನು ಮುಟ್ಟಿ ನೋಡಲಿಲ್ಲ. ನನ್ನದನ್ನೂ ನೋಡಲಿಲ್ಲ. ಇದು ಆಗ ನನಗೆ ದೊಡ್ಡದೆನಿಸಲಿಲ್ಲ. ಡಾಕ್ಟರಿಗೆ ಗೊತ್ತಿರುತ್ತದೆ ಎಂದುಕೊಂಡೆ.

ದೀಪ ಹಚ್ಚುವ ಹೊತ್ತಿಗೆ ಸಣ್ಣಮಾವ ಆ ಬೆಂಚಿನ ಮೇಲೆ ಅಡ್ಡಾದರು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. “ಗಿರಿಜವ್ವ, ಥಂಡಿ ಹತ್ತೇತಿ ನೋಡು” ಎಂದರು. ನನ್ನ ಮೇಲಿದ್ದ ಚಾದರವನ್ನು ಅತ್ತೆ ತೆಗೆದು ಅವರಿಗೆ ಹೊದಿಸಿದರು. ನಾನೂ ಕೂಗಿದೆ, ಅತ್ತೆಯೂ ಕೂಗಿದರು. ಡಾಕ್ಟರು ಬರುವಷ್ಟರಲ್ಲಿ ಉಸಿರು ನಿಂತಿತ್ತು. ಒಳಗೇ ರಕ್ತ ಸೋರಿತ್ತಂತೆ.

ಅಮರೇಶ ಬಂದಾಗ ಅವರ ಚಿಕ್ಕಪ್ಪನನ್ನು ಅಂಗಳದಲ್ಲಿ ಮಲಗಿಸಿದ್ದರು. ನನ್ನನ್ನು ಮನೆಗೆ ಒಯ್ಯಬಹುದು ಎಂದು ಡಾಕ್ಟರು ಹೇಳಿದರು.

ಲಿಂಗಸುಗೂರಿನ ಮನೆಯಲ್ಲಿ ನಡುಮನೆಯ ಮಂಚ ನನ್ನದಾಯಿತು. ಗೋಡೆ ಹಿಡಿದು ಎಡಗಾಲಿನ ಮೇಲೆ ಕುಂಟುತ್ತ ಬಚ್ಚಲಿಗೆ ಹೋಗಿಬಂದರೆ ಬೆವರು ಸುರಿಯುತ್ತಿತ್ತು. ನೋಡಲು ಬಂದವರು ಎಲ್ಲರೂ ಒಂದೇ ಮಾತು ಆಡಿದರು: ನಿನ್ನ ಪುಣ್ಯ, ದಪ್ಪ ಇದ್ದಿ, ಉಳಿದಿ. ಕೆಲವರು ಇದನ್ನು ಹೇಳಿ ಹೊರಗೆ ಹೋಗಿ ಅತ್ತೆಯ ಹತ್ತಿರ ಕೂರುತ್ತಿದ್ದರು. ಆಗ ಮಾತು ಸಣ್ಣದಾಗುತ್ತಿತ್ತು. ನಾನು ಉಸಿರು ಹಿಡಿದು ಕೇಳುತ್ತಿದ್ದೆ.

ಒಂದು ದಿನ ಪೂರಾ ಕೇಳಿಸಿತು.

“ಸೀಟು ಬುಡಸಮೇತ ಮುಂದ ಹೋತು. ನಾ ಕಣ್ಣಾರೆ ನೋಡೀನಿ. ಈಕಿ ಭಾರ ಪೂರಾ ಅವನ ಬೆನ್ನ ಮ್ಯಾಲ ಬಿತ್ತು. ಹುಲ್ಲುಕಡ್ಡಿ ಇದ್ದಂಗ ಇದ್ದಾಂವ, ಎಲ್ಲಿ ತಡೀತಾನ?” ಅತ್ತೆ ಅಳುತ್ತಿದ್ದರು.

ಅತ್ತೆ ಕೆಟ್ಟವರಲ್ಲ. ಅವರು ಮದುವೆಯಾಗಿ ಬಂದಾಗ ಸಣ್ಣಮಾವ ಇನ್ನೂ ಚಡ್ಡಿ ಹಾಕುವ ಹುಡುಗ. ತಾಯಿಯಿಲ್ಲದ ಮೈದುನನಿಗೆ ಉಣಿಸಿ, ಎರೆದು, ಶಾಲೆಗೆ ಕಳಿಸಿದವರು ಇವರೇ. ಆ ದುಃಖಕ್ಕೆ ಒಂದು ಕಾರಣ ಬೇಕಿತ್ತು. ಟ್ರ್ಯಾಕ್ಟರಿನವನು ಯಾರೋ ಏನೋ. ಡ್ರೈವರ್ ತನ್ನ ಊರಿಗೆ ಹೋಗಿ ಮಲಗಿದ್ದ. ಎದುರಿಗೆ ಇದ್ದವಳು ನಾನು, ಅದೂ ಮಂಚದ ತುಂಬ. ಇದೆಲ್ಲ ಈಗ ಬರೆಯುವಾಗ ತಿಳಿಯುತ್ತದೆ. ಆ ದಿನ ಸೆರಗು ಬಾಯಿಗೆ ತುರುಕಿಕೊಂಡು ಮಲಗಿದ್ದೆ.

ಮರುದಿನದಿಂದ ನಾನು ಎಲ್ಲರನ್ನೂ ಸಂಶಯದಿಂದ ನೋಡತೊಡಗಿದೆ. ಅತ್ತೆ ಮುರಿದ ಕೈಯನ್ನು ಎದೆಗೆ ಕಟ್ಟಿಕೊಂಡು, ಇನ್ನೊಂದು ಕೈಯಿಂದಲೇ ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದರು. ಅದು ಪ್ರೀತಿಯೋ, ಊರಿನ ಕಣ್ಣಿಗೋ ಎಂದು ಯೋಚಿಸುತ್ತಿದ್ದೆ. ರೊಟ್ಟಿಯನ್ನು ತುಸು ಸಣ್ಣದಾಗಿ ತಟ್ಟಿಸಿದ್ದಾರೆಯೇ ಎಂದು ನೋಡುತ್ತಿದ್ದೆ. ನನ್ನ ಮೈಯನ್ನು ಸದಾ ತಮಾಷೆ ಮಾಡುತ್ತಿದ್ದ ಅಮರೇಶ ಈಗ ಒಮ್ಮೆಯೂ ಮಾಡುತ್ತಿರಲಿಲ್ಲ. ಬಹಳ ಮರ್ಯಾದೆಯಿಂದ ಮಾತಾಡುತ್ತಿದ್ದರು. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಒಂದು ಸಂಜೆ ಅವರು ತಡವಾಗಿ ಬಂದರು. ಅಂಗಿಯ ತೋಳಿಗೆ ಗ್ರೀಸು ಹತ್ತಿತ್ತು.

“ಎಲ್ಲಿಗೆ ಹೋಗಿದ್ರಿ?”

“ಹಿಂಗಽ, ಮಸ್ಕಿಗೆ.”

“ಮಸ್ಕಿಯೊಳಗ ಎಲ್ಲಿ?”

ಅವರು ತಡೆದರು. ಆ ತಡೆ ನನಗೆ ಸಾಕಾಯಿತು. ಜಖಂ ಆದ ಕಾರನ್ನು ಮಸ್ಕಿಯ ಒಂದು ಗ್ಯಾರೇಜಿಗೆ ಎಳೆದು ತಂದಿದ್ದರೆಂದು ನನಗೆ ಗೊತ್ತಿತ್ತು.

“ಸೀಟು ನೋಡಾಕ ಹೋಗಿದ್ರೇನು?”

“ಹೂಂ.”

“ಯಾಕ?”

“ನಿನ್ನ ಸಲುವಾಗಿ.”

“ನನ್ನ ಬಿಡಿಸಾಕೋ, ನನ್ನ ಹಿಡಿಯಾಕೋ?”

ಅಮರೇಶ ಮಂಚದ ಅಂಚಿಗೆ ಕೂತರು. ಬಹಳ ಹೊತ್ತು ಗ್ರೀಸನ್ನು ಉಗುರಿನಿಂದ ಕೆರೆಯುತ್ತಿದ್ದರು. “ನನಗೂ ಗೊತ್ತಿಲ್ಲ ಗಿರಿಜಾ. ಅವ್ವ ದಿನಾ ಅಂತಾಳ. ಒಂದ್ಸಲ ನೋಡಿ ಬಂದ್ರ ನನ್ನ ತಲಿಯೊಳಗಿಂದು ಹೋಗಬಹುದು ಅನಸ್ತು. ಅಲ್ಲಿ ಸೀಟಽ ಇರಲಿಲ್ಲ. ಕಿತ್ತು ಯಾರಿಗೋ ಕೊಟ್ಟು ಬಿಟ್ಟಾರ.”

ಅವರು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅದು ಈಗ ಸಮಾಧಾನ ಕೊಡುತ್ತದೆ. ಅವತ್ತು ಮಾತ್ರ ನಾನು ಗೋಡೆಯ ಕಡೆ ಹೊರಳಲು ಹೋದೆ. ಹೊರಳಲಾಗದೆ ಚೀರಿದೆ. ಆ ಚೀರಿಗೆ ಅವರು ಎದ್ದು ನನ್ನ ಎರಡೂ ಕಾಲುಗಳನ್ನು ಜೋಡಿಸಿ ಹಿಡಿದರು.

“ಇದೇನು, ಒಂದು ಕಾಲು ಗಿಡ್ಡ ಆದಂಗ ಕಾಣ್ತದಲ್ಲ!”

ಬಲಗಾಲಿನ ಹಿಮ್ಮಡಿ ಎಡಗಾಲಿನದಕ್ಕಿಂತ ಮೇಲಿತ್ತು. ಇಷ್ಟು ವಾರಗಳಲ್ಲಿ ಯಾರೂ ಎರಡು ಕಾಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಮುಂಜಾನೆ ನನ್ನ ಬಟ್ಟೆ ಕಟ್ಟಿದ್ದು ಅವರೇ.

ಬಳ್ಳಾರಿಗೆ ಹೋದೆವು. ಜೀಪಿನ ಹಿಂಭಾಗದಲ್ಲಿ ಗಾದಿ ಹಾಸಿ ಮಲಗಿಸಿದ್ದರು. ದಾರಿಯುದ್ದಕ್ಕೂ ಜೀಪಿನ ಮುಂದಿನ ಸೀಟನ್ನೇ ನೋಡುತ್ತಿದ್ದೆ. ಅಲ್ಲಿ ಅಮರೇಶ ಕೂತಿದ್ದರು. ಬ್ರೇಕು ಹಾಕಿದಾಗೆಲ್ಲ ಕೈಯಿಂದ ಪಕ್ಕದ ಕಂಬಿಯನ್ನು ಗಟ್ಟಿ ಹಿಡಿಯುತ್ತಿದ್ದೆ.

ಅಲ್ಲಿನ ಆಸ್ಪತ್ರೆಯ ಎಲುಬಿನ ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ನಾನು ಮೊದಲೇ ಹೇಳಿಬಿಟ್ಟೆ: “ಸರ್, ತೂಕ ಇಳಿಸು ಅಂತ ಹೇಳೂದಿದ್ರ ಈಗಽ ಹೇಳಿಬಿಡ್ರಿ, ನಾವು ಹೊಳ್ಳಿ ಹೋಗ್ತೀವಿ.” ಅಮರೇಶ ನನ್ನ ಕೈ ಚಿವುಟಿದರು. ಡಾಕ್ಟರಿಗೆ ಸಿಟ್ಟು ಬರಲಿಲ್ಲ. “ಮೊದಲು ಕಾಲು ನೋಡೋಣಮ್ಮ” ಎಂದು ಮಂಡಿ ಹಿಡಿದು ಮೆಲ್ಲಗೆ ತಿರುವಿದರು. ನನಗೆ ಕಣ್ಣು ಕತ್ತಲೆ ಬಂತು. ಅವರ ಮುಖ ಬದಲಾಯಿತು.

ಎಕ್ಸ್‌ರೇ ಒಂದೇ ಸಲಕ್ಕೆ ಬರಲಿಲ್ಲ. ನನ್ನ ಮೈ ದಾಟಿ ಎಲುಬು ಕಾಣಲು ಮತ್ತೆ ಮತ್ತೆ ತೆಗೆಯಬೇಕಾಯಿತು. ಕತ್ತಲ ಕೋಣೆಯಲ್ಲಿ ತಣ್ಣನೆಯ ಹಲಗೆಯ ಮೇಲೆ ಮಲಗಿ, ಅವರಿಗೆ ಬೇಸರ ಬಂದು ‘ಏನೂ ಇಲ್ಲ’ ಎಂದುಬಿಟ್ಟರೆ ಎಂದು ಹೆದರಿದೆ. ಏನಾದರೂ ಮುರಿದಿರಲಿ ಎಂದು ದೇವರಲ್ಲಿ ಕೇಳಿಕೊಂಡೆ. ಇಂಥದ್ದನ್ನು ಬೇಡಿಕೊಳ್ಳುವ ಸ್ಥಿತಿ ಯಾರಿಗೂ ಬರಬಾರದು.

ಮುರಿದಿತ್ತು. ತೊಡೆಯ ಎಲುಬು ಕೂರುವ ಬಟ್ಟಲು ಒಡೆದು, ಎಲುಬು ಜಾಗ ಬಿಟ್ಟು ಹಿಂದಕ್ಕೆ ಸರಿದಿತ್ತು. ನನಗೆ ಅಳು ಬಂತು. ಸುಳ್ಳು ಹೇಳಿರಲಿಲ್ಲ ನಾನು. ಅಮರೇಶ ನನ್ನ ತಲೆಯ ಮೇಲೆ ಕೈ ಇಟ್ಟರು.

ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಹೇಳಿದರು: “ಕಾರಿನೊಳಗೆ ನಿಮ್ಮ ಮೊಣಕಾಲು ಮುಂದಿನ ಸೀಟಿಗೆ ಜೋರಾಗಿ ಬಡಿದಿದೆ. ಆ ಏಟು ತೊಡೆಯ ಎಲುಬಿನಲ್ಲಿ ಹಾದು ಇಲ್ಲಿಗೆ ಬಂದಿದೆ.”

ನನ್ನ ಅಳು ನಿಂತಿತು. ನನ್ನ ನೋವನ್ನು ನಿಜ ಮಾಡಿದ ಫಿಲ್ಮೇ ಅತ್ತೆಯ ಮಾತನ್ನೂ ನಿಜ ಮಾಡುತ್ತಿತ್ತು. ನನ್ನ ಎಲುಬಿನ ಬಟ್ಟಲು ಒಡೆಯುವಷ್ಟು ಜೋರಾಗಿ ನಾನು ಆ ಸೀಟಿಗೆ ಬಡಿದಿದ್ದೆ. ಆ ಸೀಟಿನ ಇನ್ನೊಂದು ಬದಿಯಲ್ಲಿ ಸಣ್ಣಮಾವನ ಬೆನ್ನಿತ್ತು.

ಅಮರೇಶನನ್ನು ಚಹಾ ತರಲು ಕಳಿಸಿ ಡಾಕ್ಟರನ್ನು ಕೇಳಿದೆ. ಎಲ್ಲವನ್ನೂ ಹೇಳಿ ಕೇಳಿದೆ. “ನಾ ತೆಳ್ಳಗ ಇದ್ದಿದ್ರ ಅವರು ಉಳೀತಿದ್ರೇನ್ರಿ? ನನಗ ಸಮಾಧಾನ ಹೇಳಬ್ಯಾಡ್ರಿ. ಖರೆ ಹೇಳ್ರಿ.”

ಅವರು ಕುರ್ಚಿ ಎಳೆದುಕೊಂಡು ಕೂತರು. “ನಿಜ ಬೇಕು ಅಂದರೆ, ನನಗೆ ಗೊತ್ತಿಲ್ಲಮ್ಮ. ಹಿಂದೆ ಕೂತವರು ಮುಂದಕ್ಕೆ ಬಂದು ಬಡಿಯುತ್ತಾರೆ. ಭಾರ ಇದ್ದವರು ಇನ್ನೂ ಜೋರಾಗಿ ಬಡಿಯುತ್ತಾರೆ. ಅದರಿಂದ ಮುಂದಿನವರಿಗೆ ಪೆಟ್ಟು ಹೆಚ್ಚಾಗಬಹುದು. ತೆಳ್ಳಗಿನವರು ಬಡಿದರೂ ಆಗುತ್ತದೆ, ಯಾರೂ ಇಲ್ಲದಿದ್ದರೂ ಆಗುತ್ತದೆ. ಎದುರಿಗೆ ನಿಂತ ಟ್ರಾಲಿಗೆ ಗುದ್ದಿದ ಮೇಲೆ ಮುಂದೆ ಕೂತವರ ಹೊಟ್ಟೆಗೆ ಏಟು ಬೀಳದೆ ಇರುತ್ತದೆಯೇ? ಇದರಲ್ಲಿ ನಿಮ್ಮ ಪಾಲು ಎಷ್ಟು ಅಂತ ಯಾರೂ ಬಿಡಿಸಿ ಹೇಳಲಾರರು. ಹೇಳುತ್ತೇನೆ ಅಂದವರನ್ನು ನಂಬಬೇಡಿ.” ಆಮೇಲೆ ಕೇಳಿದರು, “ಅವರು ಹೊಟ್ಟೆನೋವು ಅಂದಾಗ ಯಾರಾದರೂ ಹೊಟ್ಟೆ ಒತ್ತಿ ನೋಡಿದರಾ?”

“ಇಲ್ಲ.”

“ನಿಮ್ಮ ಕಾಲನ್ನು?”

“ಇಲ್ಲ.”

ಅವರು ಫಿಲ್ಮನ್ನು ಕವರಿನೊಳಗೆ ಹಾಕಿ ಎದ್ದರು. ಯಾರನ್ನೂ ಬಯ್ಯಲಿಲ್ಲ. ಸಿಂಧನೂರಿನ ಡಾಕ್ಟರು ಸಣ್ಣಮಾವನನ್ನು ತೆಳ್ಳಗಿದ್ದಾರೆಂದು ನೋಡಲಿಲ್ಲ, ನನ್ನನ್ನು ದಪ್ಪಗಿದ್ದೇನೆಂದು ನೋಡಲಿಲ್ಲ. ನಮ್ಮಿಬ್ಬರ ಮೈಯ ಅಳತೆಯೇ ಆ ಡಾಕ್ಟರಿಗೆ ತಪಾಸಣೆಯಾಗಿತ್ತು. ಇದು ನನಗೆ ಅಲ್ಲಿ, ಆ ಗಳಿಗೆಯಲ್ಲಿ ಹೊಳೆಯಿತು. ಅವತ್ತೇ ಯಾರಾದರೂ ಅವರ ಹೊಟ್ಟೆ ಒತ್ತಿ ನೋಡಿದ್ದರೆ ಏನಾಗುತ್ತಿತ್ತೋ, ಅದೂ ನನಗೆ ಗೊತ್ತಿಲ್ಲ.

ಆಪರೇಷನ್ ಮಾಡಬೇಕೆಂದರು. ಅರಿವಳಿಕೆ ಕೊಡುವ ಡಾಕ್ಟರಿಗೆ ನನ್ನ ಮೈ ನೋಡಿ ಹೆದರಿಕೆ. ಅವರೂ ನಮ್ಮ ಎಲುಬಿನ ಡಾಕ್ಟರೂ ಬಾಗಿಲ ಹೊರಗೆ ನಿಂತು ಮಾತಾಡುತ್ತಿದ್ದರು. ಒಂದೊಂದು ಪದ ಒಳಗೆ ಬರುತ್ತಿತ್ತು: ಉಸಿರು, ರಿಸ್ಕು, ಹೃದಯ. ನನ್ನನ್ನು ಮೇಜಿನ ಮೇಲೆಯೇ ಕಳೆದುಕೊಳ್ಳುತ್ತಾರೆ, ಆಮೇಲೆ ತಪ್ಪನ್ನು ನನ್ನ ತೂಕದ ಮೇಲೆ ಹಾಕುತ್ತಾರೆ ಎಂದು ನನಗೆ ಖಾತ್ರಿಯಾಯಿತು.

ಔಷಧಿಯ ಪ್ರಮಾಣ ಗೊತ್ತುಮಾಡಲು ನನ್ನ ತೂಕ ಬೇಕಿತ್ತು. ವಾರ್ಡಿನ ತೂಕದ ಯಂತ್ರದ ಮುಳ್ಳು ಕೊನೆಗೆ ಹೋಗಿ ನಿಂತುಬಿಟ್ಟಿತು. ಅಡಿಗೆಮನೆಯ ಉಗ್ರಾಣದಲ್ಲಿ ಅಕ್ಕಿಯ ಚೀಲ ತೂಗುವ ಕಾಟಾ ಇದೆ, ಅಲ್ಲಿಗೆ ಒಯ್ಯಿರಿ ಎಂದರು. ಗಾಲಿಕುರ್ಚಿಯಲ್ಲಿ ಕೂತು ವರಾಂಡದುದ್ದಕ್ಕೂ ಹೋದೆ. ಉಗ್ರಾಣದಲ್ಲಿ ಚೀಲ ಹೊರುವವರು ಆಗಲೇ ತಿರುಗಿ ನೋಡುತ್ತಿದ್ದರು. ನನ್ನ ಜೊತೆ ಬಂದಿದ್ದ ನರ್ಸ್ ಎಸ್ತರ್ ಸಿಸ್ಟರ್ ಅವರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಮುಚ್ಚಿದರು. ನನ್ನನ್ನು ಕುರ್ಚಿಸಮೇತ ಕಾಟಾದ ಮೇಲೆ ಹತ್ತಿಸಿ ತೂಗಿದರು. ಕುರ್ಚಿಯನ್ನು ಆಮೇಲೆ ತೂಗಿ ಕಳೆದುಕೊಂಡರಾಯಿತು ಎಂದರು. ತೂಕವನ್ನು ಬಾಯಿ ಬಿಟ್ಟು ಹೇಳಲಿಲ್ಲ. ಅಂಗೈಯಲ್ಲಿ ಬರೆದುಕೊಂಡು ಮುಷ್ಟಿ ಮುಚ್ಚಿದರು.

ಬಾಗಿಲ ಹೊರಗೆ ಯಾರೋ “ಎಷ್ಟಾತ್ರಿ ಸಿಸ್ಟರ್?” ಎಂದರು.

“ನಿಮ್ಮ ಚೀಲದ ಕೆಲಸ ನೀವು ನೋಡ್ರಿ” ಎಂದು ಸಿಸ್ಟರ್ ಕುರ್ಚಿ ತಳ್ಳಿಕೊಂಡು ನಡೆದರು.

ಆ ಮುಚ್ಚಿದ ಮುಷ್ಟಿಯನ್ನು ನಾನು ಮರೆಯಲಾರೆ. ಅಪಘಾತವಾದಾಗಿನಿಂದ ಸಂಶಯವಿಲ್ಲದೆ ನಾನು ನಂಬಿದ ಮೊದಲ ಮನುಷ್ಯರು ಅವರು.

ಆಪರೇಷನ್ ಆಯಿತು. ಎಚ್ಚರವಾದಾಗ ಬಾಯಿ ಒಣಗಿತ್ತು, ಸೊಂಟದ ಕೆಳಗೆ ಕಲ್ಲು ಹೇರಿದಂತಿತ್ತು. ಆಮೇಲೆ ಕಾಲಿಗೆ ಹಗ್ಗ ಕಟ್ಟಿ, ಮಂಚದ ತುದಿಯ ಗಾಲಿಯ ಮೇಲಿಂದ ಭಾರ ಇಳಿಬಿಟ್ಟು ವಾರಗಟ್ಟಲೆ ಮಲಗಿಸಿದರು. ಗಾಯ ಬೇಗ ಮಾಯಲಿಲ್ಲ. ಕೊಬ್ಬು ಹೆಚ್ಚಿದ್ದಲ್ಲಿ ಹೀಗಾಗುತ್ತದೆ ಎಂದು ಡಾಕ್ಟರು ಹೇಳಿದಾಗ ನನಗೆ ಸಿಟ್ಟು ಬರಲಿಲ್ಲ. ಅವರು ಗಾಯ ನೋಡಿ ಹೇಳಿದ್ದರು.

ಹಾಗೆ ಮಲಗಿದ್ದಾಗಲೇ ಸಣ್ಣತ್ತೆ ಬಂದರು. ಸಣ್ಣಮಾವನ ಹೆಂಡತಿ ಈರಮ್ಮ. ಅಪಘಾತದ ಮೇಲೆ ನಾನು ಅವರ ಮುಖ ನೋಡಿರಲಿಲ್ಲ. ದಿನಕರ್ಮಕ್ಕೆ ನನಗೆ ಹೋಗಲಾಗಿರಲಿಲ್ಲ. ಬೋಳು ಹಣೆ, ಕೈಯಲ್ಲಿ ಒಂದು ಬುತ್ತಿಗಂಟು. ವಳಕಮದಿನ್ನಿಯಿಂದ ಒಬ್ಬರೇ ಬಸ್ಸು ಬದಲಾಯಿಸುತ್ತ ಬಂದಿದ್ದರು. ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ನನ್ನನ್ನೇ ನೋಡಿದರು. ತಲೆಯಿಂದ ಕಾಲಿನವರೆಗೆ, ಕಾಲಿನಿಂದ ಮತ್ತೆ ತಲೆಯವರೆಗೆ.

“ಆರಾಮ ಅದಿ?”

“ಅದೀನ್ರಿ ಸಣ್ಣತ್ತಿ.”

ಅಷ್ಟೇ. ಬುತ್ತಿ ಬಿಚ್ಚಿ ಅನ್ನ, ಪುಂಡಿಪಲ್ಯ ಕಲಸಿ ಕೈತುತ್ತು ಹಿಡಿದರು. ನನ್ನ ಬಾಯಿ ತೆರೆಯಲಿಲ್ಲ. ಅವರು ಯಾಕೆ ಬಂದಿದ್ದಾರೆ? ಅತ್ತೆ ಹೇಳಿದ್ದನ್ನು ಇವರೂ ಕೇಳಿದ್ದಾರೆ. ನನ್ನ ಮೈಯನ್ನು ಕಣ್ಣಿನಿಂದ ಅಳೆಯಲು ಬಂದಿದ್ದಾರೆ. ತುತ್ತು ಹಿಡಿದ ಕೈ ಹಾಗೆಯೇ ಇತ್ತು, ಇಳಿಯಲಿಲ್ಲ. ಕೊನೆಗೆ ಬಾಯಿ ತೆರೆದೆ. ಸಂಜೆಯ ಬಸ್ಸಿಗೆ ಅವರು ಹೊರಟುಹೋದರು.

ಮನೆಗೆ ಬಂದು ಕೋಲು ಹಿಡಿದು ನಡೆಯಲು ಕಲಿತೆ. ಬಲಗಾಲಿನ ಚಪ್ಪಲಿಗೆ ಮೋಚಿ ದಪ್ಪ ತಳ ಹಚ್ಚಿಕೊಟ್ಟ. ತೂಕ ತುಸು ಇಳಿಯಿತು, ಮತ್ತೆ ಏರಿತು. ಕೆಲಸಕ್ಕೆ ಹೋದೆ. ತೊಂಬತ್ತರ ವರ್ಷಗಳಲ್ಲಿ ಊರಲ್ಲಿ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಬಂದವು, ಟ್ರಂಕ್ ಕಾಲ್ ಕೇಳುವವರು ಕಡಿಮೆಯಾದರು. ಅತ್ತೆ ತಮ್ಮ ಮಾತನ್ನು ಎಂದೂ ಹಿಂತೆಗೆದುಕೊಳ್ಳಲಿಲ್ಲ. ಮುಂದೆ ಎಂದೂ ಆಡಲೂ ಇಲ್ಲ. ಚಳಿಗಾಲದಲ್ಲಿ ನನ್ನ ಸೊಂಟ ಹಿಡಿದುಕೊಂಡರೆ ಉಪ್ಪಿನ ಶಾಖ ಕೊಡುತ್ತಿದ್ದವರು ಅವರೇ. ಅಮರೇಶನಿಗೆ ಒಂದು ದಿನ ಮರೆತು ನನ್ನ ಮೈಯ ತಮಾಷೆ ಬಾಯಿಗೆ ಬಂತು. ಆಡಿಬಿಟ್ಟು ಗಾಬರಿಯಾದರು. ನಾನು ನಕ್ಕೆ. ಎಷ್ಟೋ ತಿಂಗಳ ಮೇಲೆ ಆ ಮನೆಯಲ್ಲಿ ನಾವಿಬ್ಬರೂ ಕೂಡಿ ನಕ್ಕದ್ದು ಅವತ್ತು.

ಡಾಕ್ಟರ ಹತ್ತಿರ ಹೋದರೆ ಈಗಲೂ ಸಂಶಯ ಬಿಟ್ಟಿಲ್ಲ. ಮುಟ್ಟಿ ನೋಡುವ ತನಕ ಸ್ಟೂಲಿನಿಂದ ಏಳುವುದಿಲ್ಲ. ಅಕ್ಕಪಕ್ಕದವರಿಗೂ ಇದನ್ನೇ ಹೇಳುತ್ತೇನೆ. ಈ ಸಂಶಯ ನನಗೆ ಒಳ್ಳೆಯದನ್ನೇ ಮಾಡಿದೆ.

ಸಣ್ಣತ್ತೆಯ ಮೇಲಿನದು ಬೇರೆ ಥರದ್ದು. ಅವರು ಬರುತ್ತಲೇ ಇದ್ದರು. ಹಬ್ಬವಿಲ್ಲ, ಕಾರ್ಯವಿಲ್ಲ, ಒಮ್ಮೊಮ್ಮೆ ಎರಡು ವಾರಕ್ಕೇ ಬರುತ್ತಿದ್ದರು, ಒಮ್ಮೊಮ್ಮೆ ಸುಗ್ಗಿ ಕಳೆದರೂ ಬರುತ್ತಿರಲಿಲ್ಲ. ಬಂದವರು ನನ್ನೆದುರು ಕೂತು ನೋಡುವರು, ಚಹಾ ಕುಡಿಯುವರು, ಹೋಗುವರು. ಬಳ್ಳಾರಿಯ ಡಾಕ್ಟರು ಹೇಳಿದ್ದನ್ನು ಅವರಿಗೆ ಹೇಳಲೋ ಬೇಡವೋ ಎಂದು ವರ್ಷಗಟ್ಟಲೆ ಯೋಚಿಸಿದೆ. ಹೇಳಿದರೆ ನನ್ನನ್ನು ನಾನು ಕಾಪಾಡಿಕೊಂಡಂತೆ, ಹೇಳದಿದ್ದರೆ ಮುಚ್ಚಿಟ್ಟಂತೆ.

ಒಂದು ಮಧ್ಯಾಹ್ನ ಅತ್ತೆ ಮನೆಯಲ್ಲಿ ಇರಲಿಲ್ಲ. ಸಣ್ಣತ್ತೆ ಬಂದು ಕೂತರು. ನನಗೆ ಇನ್ನು ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಮೊಣಕಾಲು ಸೀಟಿಗೆ ಬಡಿದದ್ದು, ಎಲುಬು ಒಡೆದದ್ದು, ಡಾಕ್ಟರು ‘ಗೊತ್ತಿಲ್ಲ’ ಎಂದದ್ದು, ಸಿಂಧನೂರಿನಲ್ಲಿ ಯಾರೂ ಸಣ್ಣಮಾವನ ಹೊಟ್ಟೆ ಮುಟ್ಟಿ ನೋಡದಿದ್ದದ್ದು, ಥಂಡಿ ಹತ್ತೇತಿ ಎಂದದ್ದು. ಕೊನೆಯ ಮಾತಿಗೆ ಸಣ್ಣತ್ತೆ ಕಣ್ಣು ಮುಚ್ಚಿದರು.

“ಥಂಡಿ ಹತ್ತೇತಿ ಅಂದಿದ್ರೇನು? ಇದನ್ನ ನನಗ ಯಾರೂ ಹೇಳಿಲ್ಲ.”

“ಅತ್ತಿ ಚಾದರ ಹೊಚ್ಚಿದ್ರು. ನನ್ನ ಮ್ಯಾಲಿಂದು ತಗದು.”

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ನಾನು ಕೇಳಿದೆ, “ಸಣ್ಣತ್ತಿ, ನಿಮಗ ನನ್ನ ಮ್ಯಾಲ ಸಂಶೇ ಐತೇನ್ರಿ?”

“ಇತ್ತವ್ವ. ಸುಳ್ಳು ಯಾಕ ಹೇಳ್ಲಿ.” ದನಿ ತಗ್ಗಲಿಲ್ಲ, ಎಲ್ಲಿಯೂ ತಡೆಯಲಿಲ್ಲ. “ಒಮ್ಮೊಮ್ಮೆ ಈಗೂ ಬರತದ. ಗದ್ದಿಯೊಳಗ ಒಬ್ಬಾಕಿ ನಿಂತಾಗ ಬರತದ. ಈಕಿ ಹಿಂದ ಕುಂದರದಿದ್ರ ಅನಸ್ತದ. ಆವಾಗ ಬಸ್ಸು ಹತ್ತಿ ಬರ್ತೀನಿ. ನಿನ್ನ ಮಾರಿ ನೋಡ್ತೀನಿ, ನೀ ಕೋಲು ಹಿಡಕೊಂಡು ಚಾ ಮಾಡಾಕ ಏಳೂದು ನೋಡ್ತೀನಿ. ಹೋಗ್ತದ. ಮತ್ತ ಬಂದ್ರ ಮತ್ತ ಬರ್ತೀನಿ.”

ಹೊರಗೆ ಯಾವುದೋ ಲಾರಿ ಹೋಯಿತು. “ಚಾ ಇಡು” ಎಂದರು ಸಣ್ಣತ್ತೆ.

ಅವರು ಈಗಲೂ ಬರುತ್ತಾರೆ. ಯಾಕೆ ಬಂದಿದ್ದಾರೆಂದು ನನಗೆ ಗೊತ್ತು. ಬಾಗಿಲಲ್ಲಿ ಅವರ ದನಿ ಕೇಳಿದ ಕೂಡಲೇ ಒಲೆ ಹಚ್ಚುತ್ತೇನೆ.